ಇಳುವರಿ ಶೇ 90, ಕಸ 40 ಕಿಲೋ: ರಾಸಾಯನಿಕ ಕಾರ್ಖಾನೆಯ ಲೆಕ್ಕ ಓದುವುದು ಹೇಗೆ?

ಫ್ಲೋರೋಗ್ಲುಸಿನಾಲ್ ಅಂತ ಒಂದು ರಾಸಾಯನಿಕ ಇದೆ. ಕೆಲವು ಔಷಧಿಗಳ ತಯಾರಿಕೆಗೆ ಬೇಕಾಗುವ ವಸ್ತು. 1980ರ ಸುಮಾರಿಗೆ ಹಾಲೆಂಡಿನ ಒಂದು ಕಾರ್ಖಾನೆ ಇದನ್ನು ಟಿಎನ್‌ಟಿ ಎಂಬ ಸ್ಫೋಟಕದಿಂದ ತಯಾರಿಸುತ್ತಿತ್ತು. ಮೂರು ಹಂತದ ಕೆಲಸ. ಒಟ್ಟು ಇಳುವರಿ ಸುಮಾರು ಶೇ 90. ರಸಾಯನಶಾಸ್ತ್ರ ಓದಿದ ಯಾರೇ ಆದರೂ ‘ಭೇಷ್’ ಅನ್ನುವ ಅಂಕಿ ಅದು. ಆದರೆ ಒಂದು ಕಿಲೋ ಮಾಲು ಹೊರಬಂದರೆ ಅದರ ಜೊತೆಗೆ ಸುಮಾರು 40 ಕಿಲೋ ಘನ ಕಸ ಹೊರಬರುತ್ತಿತ್ತು. ಕ್ರೋಮಿಯಂ ಮತ್ತು ಕಬ್ಬಿಣದ ಲವಣಗಳು ತುಂಬಿದ, ಆಮ್ಲ ಬೆರೆತ ಕಸ. ಕೊನೆಗೆ ಅದನ್ನು ವಿಲೇವಾರಿ ಮಾಡುವ ಖರ್ಚು ಮಾಲಿನ ಬೆಲೆಯನ್ನೇ ಮೀರಿತು. ಕಾರ್ಖಾನೆ ಆ ಕೆಲಸ ನಿಲ್ಲಿಸಿತು.

ಇಳುವರಿ ಶೇ 90 ಅನ್ನುವುದೂ ನಿಜ, 40 ಕಿಲೋ ಕಸ ಅನ್ನುವುದೂ ನಿಜ. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ ಅನ್ನುವುದು ತಿಳಿದರೆ ರಾಸಾಯನಿಕ ಕಾರ್ಖಾನೆಯ ಲೆಕ್ಕಪತ್ರ ಓದುವುದಕ್ಕೆ ಅರ್ಧ ದಾರಿ ಸಿಕ್ಕಂತೆ.

ಈ ಲೆಕ್ಕ ಈಗ ಯಾಕೆ ಬೇಕು? ಮಾತ್ರೆಯ ಒಳಗಿನ ಮೂಲ ಔಷಧಿಗಳಿಗೆ ಭಾರತ ಚೀನಾವನ್ನು ಬಹಳ ನೆಚ್ಚಿಕೊಂಡಿದೆ. ಅದನ್ನು ತಪ್ಪಿಸಲು 2020ರಲ್ಲಿ ಕೇಂದ್ರ ಸರ್ಕಾರ 6,940 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆ ತಂದಿತು. ಇಂಥ ಮೂಲ ಔಷಧಿಗಳನ್ನು ಬಲ್ಕ್ ಡ್ರಗ್ ಅನ್ನುತ್ತಾರೆ. ನಮ್ಮಲ್ಲೂ ಬೀದರ್ ಪಕ್ಕದ ಕೊಳಾರ, ಯಾದಗಿರಿ ಜಿಲ್ಲೆಯ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶಗಳಲ್ಲಿ ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳಿವೆ. ಸುತ್ತಲಿನ ಹಳ್ಳಿಯವರು ವಾಸನೆಯ ಬಗ್ಗೆ, ನೀರಿನ ಬಗ್ಗೆ ದೂರು ಕೊಡುತ್ತಲೇ ಇದ್ದಾರೆ. ಊರವರು ವಾಸನೆಯ ಮಾತಾಡಿದರೆ ಎದುರಿನಿಂದ ಶೇಕಡಾವಾರು ಅಂಕಿ ಬರುತ್ತದೆ. ಆ ಅಂಕಿ ಯಾವುದನ್ನು ಎಣಿಸಿದೆ, ಯಾವುದನ್ನು ಬಿಟ್ಟಿದೆ ಅಂತ ಗೊತ್ತಿಲ್ಲದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಇಳುವರಿ ಏನನ್ನು ಅಳೆಯುತ್ತದೆ?

ಮೊದಲು ಒಂದು ಮೂಲ ಸಂಗತಿ. ರಾಸಾಯನಿಕ ಕ್ರಿಯೆಯಲ್ಲಿ ಪರಮಾಣುಗಳು ಜಾಗ ಬದಲಿಸುತ್ತವೆ, ಅಷ್ಟೇ. ಹೊಸದಾಗಿ ಹುಟ್ಟುವುದಿಲ್ಲ, ಮಾಯವೂ ಆಗುವುದಿಲ್ಲ. ಒಳಗೆ ಹೋದ ತೂಕವೆಲ್ಲ ಹೊರಗೆ ಬರಲೇಬೇಕು. ಬೇಕಾದ ವಸ್ತುವಾಗಿ ಬರಬಹುದು, ಬೇಡದ ವಸ್ತುವಾಗಿಯೂ ಬರಬಹುದು. ನಾವು ಮಾಡಲಿರುವ ಲೆಕ್ಕವೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಸುಣ್ಣದ ಕಲ್ಲನ್ನೇ ತೆಗೆದುಕೊಳ್ಳೋಣ. ಕಲಬುರಗಿ ಜಿಲ್ಲೆಯ ಸಿಮೆಂಟ್ ಕಾರ್ಖಾನೆಗಳು ಅದನ್ನೇ ನಂಬಿ ನಿಂತಿವೆ. ಸುಣ್ಣದ ಕಲ್ಲು ಅಂದರೆ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಗೂಡಿನಲ್ಲಿ ಚೆನ್ನಾಗಿ ಕಾಯಿಸಿದರೆ ಅದು ಸುಟ್ಟ ಸುಣ್ಣ ಮತ್ತು ಕಾರ್ಬನ್ ಡೈಆಕ್ಸೈಡ್ ಅನಿಲವಾಗಿ ಒಡೆಯುತ್ತದೆ. ಶುದ್ಧವಾದ 100 ಕಿಲೋ ಕಲ್ಲಿಗೆ 56 ಕಿಲೋ ಸುಣ್ಣ, 44 ಕಿಲೋ ಅನಿಲ. ಪರಮಾಣುಗಳ ತೂಕದಿಂದಲೇ ಈ ಪಾಲು ನಿಗದಿಯಾಗಿದೆ. ಎಂಥ ನುರಿತ ಕೆಲಸಗಾರನೂ ಇದನ್ನು ಬದಲಿಸಲಾರ.

ಈಗ ಇಳುವರಿ. ಲೆಕ್ಕದ ಪ್ರಕಾರ ಗರಿಷ್ಠ ಎಷ್ಟು ಸಿಗಬೇಕಿತ್ತೋ ಅದರಲ್ಲಿ ಎಷ್ಟು ಪಾಲು ನಿಜವಾಗಿ ಸಿಕ್ಕಿತು ಅನ್ನುವುದು ಇಳುವರಿ. 56 ಕಿಲೋ ಸುಣ್ಣ ಪೂರ್ತಿ ಸಿಕ್ಕರೆ ಇಳುವರಿ ಶೇ 100. ಸುಮಾರು 50 ಕಿಲೋ ಸಿಕ್ಕರೆ ಶೇ 90.

ಇಲ್ಲಿ ಗಮನಿಸಿ. ಇಳುವರಿ ಶೇ 100 ಬಂದರೂ 44 ಕಿಲೋ ಅನಿಲ ಗಾಳಿಗೆ ಹೋಗಿಯೇ ಹೋಯಿತು. ಇಳುವರಿಯ ಲೆಕ್ಕಕ್ಕೆ ಅದು ಕಾಣುವುದೇ ಇಲ್ಲ. ಸಿಮೆಂಟ್ ಉದ್ಯಮದ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಹೀಗೆ ಕಲ್ಲಿನ ಒಳಗಿಂದಲೇ. ಒಲೆಗೆ ಹಾಕುವ ಕಲ್ಲಿದ್ದಲಿನ ಪಾಲು ಅದಕ್ಕಿಂತ ಕಡಿಮೆ. ಹಾಗಾಗಿ ‘ಇಳುವರಿ ಶೇ 95’ ಅಂದ ಕೂಡಲೇ ‘ಹಾಗಾದ್ರೆ ಕಸ ಶೇ 5’ ಅಂತ ಅಂದುಕೊಂಡರೆ ತಪ್ಪಾಗುತ್ತದೆ.

ಅಟಾಮ್ ಎಕಾನಮಿ

1991ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬ್ಯಾರಿ ಟ್ರೋಸ್ಟ್ ಒಂದು ಸರಳ ಪ್ರಶ್ನೆ ಮುಂದಿಟ್ಟರು. ಕ್ರಿಯೆಗೆ ಹಾಕಿದ ಪರಮಾಣುಗಳಲ್ಲಿ ಎಷ್ಟು ಪಾಲು ಬೇಕಾದ ವಸ್ತುವಿನೊಳಗೆ ಹೋಗಿ ಕೂರುತ್ತದೆ? ಇದಕ್ಕೆ ಅವರು ಕೊಟ್ಟ ಹೆಸರು ಅಟಾಮ್ ಎಕಾನಮಿ.

ಲೆಕ್ಕ ಸುಲಭ. ಸಮೀಕರಣದಲ್ಲಿ ಬೇಕಾದ ವಸ್ತುವಿನ ಅಣುತೂಕ ತೆಗೆದುಕೊಳ್ಳಿ. ಹಾಕಿದ ಎಲ್ಲ ವಸ್ತುಗಳ ಅಣುತೂಕದ ಮೊತ್ತದಿಂದ ಭಾಗಿಸಿ. ನೂರರಿಂದ ಗುಣಿಸಿ. ಸುಣ್ಣದ ಗೂಡಿನಲ್ಲಿ ಇದು ಶೇ 56.

ಇದನ್ನು ಕಾಗದದ ಮೇಲೆಯೇ, ಒಂದು ಹನಿ ರಾಸಾಯನಿಕವನ್ನೂ ಮುಟ್ಟದೆ ಲೆಕ್ಕ ಹಾಕಬಹುದು. ಕಾರ್ಖಾನೆ ಕಟ್ಟುವ ಮೊದಲೇ ‘ಈ ದಾರಿಯಲ್ಲಿ ಹೋದರೆ ಇಷ್ಟು ಕಸ ಖಂಡಿತ’ ಅಂತ ಗೊತ್ತಾಗುತ್ತದೆ. ನನಗೆ ಇದು ದೊಡ್ಡ ವಿಷಯ ಅನ್ನಿಸುತ್ತದೆ. ಕಸವಾದ ಮೇಲೆ ಅದನ್ನು ಎಲ್ಲಿ ಹಾಕೋದು ಅಂತ ಯೋಚಿಸುವುದಕ್ಕಿಂತ, ದಾರಿ ಆರಿಸುವಾಗಲೇ ಯೋಚಿಸುವುದು ಎಷ್ಟೋ ಮೇಲು ಅಲ್ವಾ? ಫ್ಲೋರೋಗ್ಲುಸಿನಾಲ್ ತಯಾರಿಸುವ ಆ ಹಳೆಯ ದಾರಿಯ ಅಟಾಮ್ ಎಕಾನಮಿ ಸುಮಾರು ಶೇ 5 ಮಾತ್ರ. ಇಳುವರಿ ಎಷ್ಟೇ ಚೆನ್ನಾಗಿದ್ದರೂ ಕಸ ಸಮೀಕರಣದಲ್ಲೇ ಬರೆದಿತ್ತು.

ನೋವಿನ ಮಾತ್ರೆಗೆ ಎರಡು ದಾರಿ

ಮೈಕೈ ನೋವು, ಜ್ವರ ಅಂದರೆ ಕೊಡುವ ಇಬುಪ್ರೊಫೇನ್ ನಿಮಗೆ ಗೊತ್ತಿರುತ್ತದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ಬೂಟ್ಸ್ ಕಂಪನಿಯಲ್ಲಿ ಸ್ಟೂವರ್ಟ್ ಆಡಮ್ಸ್ ಮತ್ತು ಜಾನ್ ನಿಕೊಲ್ಸನ್ ಅದನ್ನು ಕಂಡುಹಿಡಿದರು. 1969ರಲ್ಲಿ ಅಲ್ಲಿ ಮಾರಾಟಕ್ಕೆ ಬಂತು.

ಬೂಟ್ಸ್ ಕಂಪನಿಯ ಹಳೆಯ ದಾರಿಯಲ್ಲಿ ಆರು ಹಂತಗಳಿದ್ದವು. ಹಂತಹಂತಕ್ಕೂ ಬೇರೆ ಬೇರೆ ರಾಸಾಯನಿಕ ಸೇರಿಸಬೇಕು. ಅವುಗಳಲ್ಲಿ ಹಲವು ಅಣುವಿನ ಒಂದು ಮೂಲೆಯನ್ನು ಬದಲಿಸಿ, ತಾವು ಕಸವಾಗಿ ಹೊರಗೆ ಬೀಳುತ್ತಿದ್ದವು. ಸಮೀಕರಣಗಳಲ್ಲಿ ಹಾಕಿದ ಎಲ್ಲದರ ಅಣುತೂಕ ಕೂಡಿಸಿದರೆ 514.5. ಇಬುಪ್ರೊಫೇನ್‌ನ ಅಣುತೂಕ 206. ಅಂದರೆ ಅಟಾಮ್ ಎಕಾನಮಿ ಶೇ 40. ಕೊಂಡು ತಂದ ಸಾಮಾನಿನ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಮಾತ್ರೆ ಸೇರುವುದೇ ಇಲ್ಲ.

1980ರ ದಶಕದಲ್ಲಿ ಪೇಟೆಂಟ್ ಅವಧಿ ಮುಗಿಯಿತು. ಯಾರು ಬೇಕಾದರೂ ಇಬುಪ್ರೊಫೇನ್ ಮಾಡಬಹುದು ಅಂತಾದಾಗ ಕಡಿಮೆ ಖರ್ಚಿನ ದಾರಿ ಹುಡುಕುವ ಒತ್ತಡ ಬಂತು. ಬೂಟ್ಸ್ ಮತ್ತು ಹೆಕ್ಸ್ಟ್ ಸೆಲನೀಸ್ ಸೇರಿ ಬಿಎಚ್‌ಸಿ ಎಂಬ ಕಂಪನಿ ಮಾಡಿಕೊಂಡವು. ಟೆಕ್ಸಾಸ್‌ನ ಬಿಷಪ್ ಎಂಬ ಊರಿನಲ್ಲಿ ಅವರ ಹೊಸ ಕಾರ್ಖಾನೆ 1992ರಲ್ಲಿ ಶುರುವಾಯಿತು.

ಹೊಸ ದಾರಿಯಲ್ಲಿ ಮೂರೇ ಹಂತ. ಎರಡೂ ದಾರಿ ಹೊರಡುವುದು ಒಂದೇ ವಸ್ತುವಿನಿಂದ. ಅದು ಐಸೊಬ್ಯುಟೈಲ್‌ಬೆಂಜೀನ್, ಅಣುತೂಕ 134. ಹೊಸ ದಾರಿಯಲ್ಲಿ ಅದಕ್ಕೆ ಅಸಿಟಿಕ್ ಅನ್‌ಹೈಡ್ರೈಡ್ (102), ಆಮೇಲೆ ಹೈಡ್ರೋಜನ್ (2), ಕೊನೆಗೆ ಕಾರ್ಬನ್ ಮೊನಾಕ್ಸೈಡ್ (28) ಸೇರಿಸುತ್ತಾರೆ. ಒಟ್ಟು 266. ಅದರಲ್ಲಿ 206 ಇಬುಪ್ರೊಫೇನ್ ಆಗುತ್ತದೆ. ಅಟಾಮ್ ಎಕಾನಮಿ ಶೇ 77. ಉಳಿದ 60 ಏನು? ಅದು ಅಸಿಟಿಕ್ ಆಮ್ಲ, ವಿನೆಗರ್‌ನ ಹುಳಿಗೆ ಕಾರಣವಾದ ವಸ್ತು. ಅದನ್ನು ಬೇರ್ಪಡಿಸಿ ಬೇರೆ ಕೆಲಸಕ್ಕೆ ಬಳಸಬಹುದು. ಅದನ್ನೂ ಎಣಿಸಿದರೆ ಅಂಕಿ ಹೆಚ್ಚುಕಡಿಮೆ ಶೇ 100ಕ್ಕೆ ಏರುತ್ತದೆ. 1997ರಲ್ಲಿ ಈ ವಿಧಾನಕ್ಕೆ ಅಮೆರಿಕದ ಅಧ್ಯಕ್ಷರ ಹೆಸರಿನಲ್ಲಿ ಕೊಡುವ ಹಸಿರು ರಸಾಯನಶಾಸ್ತ್ರದ ಪ್ರಶಸ್ತಿ ಸಿಕ್ಕಿತು.

ಮಾತ್ರೆ ಅದೇ, ಅಣುವೂ ಅದೇ. ನುಂಗುವವರಿಗೆ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ.

ಈ ಕಥೆಯಲ್ಲೇ ಅಟಾಮ್ ಎಕಾನಮಿಯ ಒಂದು ಕೊರತೆಯೂ ಅಡಗಿದೆ. ಹಳೆಯ ದಾರಿಯ ಮೊದಲ ಹಂತದಲ್ಲಿ ಅಲ್ಯೂಮಿನಿಯಂ ಕ್ಲೋರೈಡ್ ಹಾಕುತ್ತಿದ್ದರು. ಹೆಸರಿಗೆ ಅದು ಕ್ರಿಯಾವರ್ಧಕ, ಅಂದರೆ ಕ್ರಿಯೆಯನ್ನು ಚುರುಕು ಮಾಡುವ ವಸ್ತು. ನಿಜವಾದ ಕ್ರಿಯಾವರ್ಧಕ ಚೂರೇ ಚೂರು ಸಾಕು, ಮತ್ತೆ ಮತ್ತೆ ಬಳಕೆಗೆ ಬರುತ್ತದೆ. ಇದು ಹಾಗಲ್ಲ. ರಾಶಿಗಟ್ಟಲೆ ಬೇಕು. ಕೊನೆಗೆ ನೀರು ಕುಡಿದ ಅಲ್ಯೂಮಿನಿಯಂ ಕಸವಾಗಿ ಮಣ್ಣಿನಡಿ ಹೂಳಬೇಕಿತ್ತು. ಆದರೂ ಶೇ 40ರ ಲೆಕ್ಕದಲ್ಲಿ ಅದು ಸೇರಿಲ್ಲ, ಯಾಕೆಂದರೆ ಸಮೀಕರಣದಲ್ಲಿ ಅದರ ಹೆಸರಿಲ್ಲ. ತೊಳೆಯುವ ನೀರು, ಕರಗಿಸುವ ದ್ರಾವಕ ಇವು ಯಾವುವೂ ಸಮೀಕರಣದಲ್ಲಿ ಬರುವುದಿಲ್ಲ.

ಇ-ಫ್ಯಾಕ್ಟರ್: ಕಾರ್ಖಾನೆಯ ಗೇಟಿನಲ್ಲಿ ತೂಕ

ಈ ಕೊರತೆ ತುಂಬಿದ್ದು ರಸಾಯನಶಾಸ್ತ್ರಜ್ಞ ರೋಜರ್ ಶೆಲ್ಡನ್. ಮೇಲೆ ಹೇಳಿದ ಫ್ಲೋರೋಗ್ಲುಸಿನಾಲ್ ಕಾರ್ಖಾನೆಯ ಅನುಭವವೂ ಅವರಿಗಿತ್ತು. 1992ರಲ್ಲಿ ಅವರು ಇ-ಫ್ಯಾಕ್ಟರ್ ಎಂಬ ಅಳತೆಯನ್ನು ಪ್ರಕಟಿಸಿದರು. ಒಂದು ಕಿಲೋ ಮಾಲಿಗೆ ನಿಜವಾಗಿ ಎಷ್ಟು ಕಿಲೋ ಕಸ ಬಂತು? ಅಷ್ಟೇ ಪ್ರಶ್ನೆ. ಫ್ಲೋರೋಗ್ಲುಸಿನಾಲ್‌ಗೆ ಇ-ಫ್ಯಾಕ್ಟರ್ 40. ಸಮೀಕರಣದ ಪ್ರಕಾರ ಬರಬೇಕಿದ್ದುದು ಸುಮಾರು 20. ಹೆಚ್ಚುವರಿಯಾಗಿ ಸುರಿದದ್ದು, ಆಮೇಲೆ ಆಮ್ಲವನ್ನು ತಟಸ್ಥಗೊಳಿಸಲು ಹಾಕಿದ್ದು, ಎಲ್ಲ ಸೇರಿ ಅದು ಇಮ್ಮಡಿಯಾಯಿತು. ಕಾಗದದ ಲೆಕ್ಕಕ್ಕೂ ತಕ್ಕಡಿಯ ಲೆಕ್ಕಕ್ಕೂ ಇರುವ ಅಂತರ ಇದೇ.

ಆದರೆ ಯಾವುದನ್ನು ಕಸ ಅನ್ನಬೇಕು? ಮಂಡ್ಯದ ಕಡೆಯ ಆಲೆಮನೆಯನ್ನು ನೆನಪಿಸಿಕೊಳ್ಳಿ. 100 ಕಿಲೋ ಕಬ್ಬು ಅರೆದರೆ ಹೆಚ್ಚುಕಡಿಮೆ 10 ಕಿಲೋ ಬೆಲ್ಲ. ಉಳಿದ 90 ಕಿಲೋವನ್ನೂ ಕಸ ಅಂತ ಬರೆದರೆ ಇ-ಫ್ಯಾಕ್ಟರ್ 9. ಆದರೆ ಅದರಲ್ಲಿ ಬಹುಪಾಲು ಕೊಪ್ಪರಿಗೆಯಿಂದ ಆವಿಯಾದ ನೀರು. ಕಬ್ಬಿನ ಸಿಪ್ಪೆ ಒಣಗಿ ಅದೇ ಒಲೆಗೆ ಉರುವಲಾಗುತ್ತದೆ. ಈ ಎರಡನ್ನೂ ಬಿಟ್ಟರೆ ಕಬ್ಬಿನ ಹಾಲು ಕುದಿಯುವಾಗ ತೆಗೆದ ಕೊಳೆ, ಒಲೆಯ ಬೂದಿ ಇಷ್ಟೇ ಉಳಿಯುವುದು. ಇ-ಫ್ಯಾಕ್ಟರ್ ಒಂದಕ್ಕಿಂತ ಕೆಳಗೆ ಇಳಿಯುತ್ತದೆ. ಅದೇ ಆಲೆಮನೆ, ಅದೇ ಬೆಲ್ಲ. ಎಣಿಸುವ ರೀತಿ ಬೇರೆ, ಅಂಕಿ ಬೇರೆ.

ಶೆಲ್ಡನ್ ಮೊದಲಿಗೆ ನೀರನ್ನು ಎಣಿಸಲಿಲ್ಲ. ನೀರು ಸೇರಿದರೆ ಅಂಕಿ ತುಂಬಾ ಉಬ್ಬಿ ಎರಡು ವಿಧಾನಗಳನ್ನು ಹೋಲಿಸುವುದೇ ಕಷ್ಟ ಅನ್ನುವುದು ಅವರ ಕಾರಣ. ನೀರಿನ ಬರ ಇರುವ ಊರಿನವರಿಗೆ ಮಾತ್ರ ಈ ಕಾರಣ ಒಪ್ಪಿಗೆಯಾಗುವುದು ಕಷ್ಟ. ಅದಕ್ಕೇ ಇ-ಫ್ಯಾಕ್ಟರ್ ನೋಡುವಾಗಲೆಲ್ಲ ‘ನೀರು ಸೇರಿಸಿದ್ದೀರಾ? ದ್ರಾವಕ ಎಷ್ಟು ವಾಪಸ್ ಬಳಕೆಗೆ ಬರುತ್ತದೆ ಅಂತ ಹಿಡಿದಿದ್ದೀರಿ?’ ಎಂದು ಕೇಳಬೇಕು.

ಔಷಧ ಕಂಪನಿಗಳು ಈಗ ಹೆಚ್ಚಾಗಿ ಬಳಸುವ ಅಳತೆಗೆ ಪಿಎಂಐ ಅನ್ನುತ್ತಾರೆ. ಇದು ಒಳಗೆ ಹೋಗುವುದನ್ನು ತೂಗುತ್ತದೆ. ಒಂದು ಕಿಲೋ ಮಾಲಿಗೆ ನೀರೂ ಸೇರಿ ಒಟ್ಟು ಎಷ್ಟು ಕಿಲೋ ಸಾಮಗ್ರಿ ಹಾಕಿದೆವು ಅನ್ನುವುದು ಲೆಕ್ಕ. ನೀರನ್ನೂ ಎಣಿಸಿದ ಇ-ಫ್ಯಾಕ್ಟರ್‌ಗೆ ಒಂದು ಕೂಡಿಸಿದರೆ ಅದೇ ಪಿಎಂಐ.

ಔಷಧಿಗೇ ಯಾಕೆ ಇಷ್ಟು ಕಸ?

ಶೆಲ್ಡನ್ ಕೊಟ್ಟ ಅಂದಾಜು ನೋಡಿ. ಪೆಟ್ರೋಲ್, ಡೀಸೆಲ್ ಮಾಡುವ ತೈಲ ಶುದ್ಧೀಕರಣ ಘಟಕದಲ್ಲಿ ಇ-ಫ್ಯಾಕ್ಟರ್ 0.1ಕ್ಕಿಂತ ಕಡಿಮೆ. ದೊಡ್ಡ ಪ್ರಮಾಣದ ರಾಸಾಯನಿಕಗಳಿಗೆ 1ರಿಂದ 5. ಬಣ್ಣ, ಸುಗಂಧ ಮುಂತಾದ ಸೂಕ್ಷ್ಮ ರಾಸಾಯನಿಕಗಳಿಗೆ 5ರಿಂದ 50. ಔಷಧಿಗೆ 25ರಿಂದ 100, ಕೆಲವೊಮ್ಮೆ ಅದಕ್ಕೂ ಜಾಸ್ತಿ. ತೈಲದ ಘಟಕ ಕೊಳಕು, ಔಷಧ ಕಾರ್ಖಾನೆ ಸ್ವಚ್ಛ ಅನ್ನುವ ನಮ್ಮ ಕಲ್ಪನೆಗೆ ಇದು ಪೂರ್ತಿ ಉಲ್ಟಾ. ಆದರೆ ಒಟ್ಟು ಪ್ರಮಾಣವನ್ನೂ ಮರೆಯಬಾರದು. ವರ್ಷಕ್ಕೆ ಒಂದು ಕೋಟಿ ಟನ್ ತಯಾರಿಸುವ ಘಟಕಕ್ಕೆ 0.1 ಅಂದರೂ ಹತ್ತು ಲಕ್ಷ ಟನ್ ಕಸವಾಗುತ್ತದೆ.

ಔಷಧಿಯ ಅಂಕಿ ಏರುವುದಕ್ಕೆ ಮೊದಲ ಕಾರಣ ಹಂತಗಳ ಸಂಖ್ಯೆ. ಪ್ರತಿ ಹಂತದಲ್ಲಿ ಇಳುವರಿ ಶೇ 90 ಇದ್ದರೂ ಆರು ಹಂತ ಮುಗಿದಾಗ ಕೈಗೆ ಸಿಗುವುದು ಶೇ 53. ಮೂರು ಹಂತವಾದರೆ ಶೇ 73. ಔಷಧಿಯ ಅಣುಗಳು ಜಟಿಲ, ಹತ್ತು ಹಂತ ದಾಟುವುದೂ ಅಪರೂಪವಲ್ಲ.

ಎರಡನೆಯದು ದ್ರಾವಕ. ಟಾಲ್ವಿನ್, ಮೆಥನಾಲ್, ಡೈಕ್ಲೋರೋಮೀಥೇನ್ ಇಂಥವು. ವಸ್ತುಗಳನ್ನು ಕರಗಿಸಲು, ಬೇರ್ಪಡಿಸಲು, ಶುದ್ಧ ಮಾಡಲು, ಕೊನೆಗೆ ಪಾತ್ರೆ ತೊಳೆಯಲೂ ದ್ರಾವಕ ಬೇಕು. ಔಷಧ ತಯಾರಿಕೆಯಲ್ಲಿ ಬಳಸುವ ಸಾಮಗ್ರಿಯ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಇದರದೇ. ಇವುಗಳಲ್ಲಿ ಹಲವು ಬೇಗ ಆವಿಯಾಗುತ್ತವೆ, ಹಾಗಾಗಿ ಸೋರಿದರೆ ಮೊದಲು ತಿಳಿಯುವುದು ಮೂಗಿಗೆ.

ಇದನ್ನು ತಗ್ಗಿಸಬಹುದು ಅನ್ನುವುದಕ್ಕೆ ಒಳ್ಳೆಯ ಉದಾಹರಣೆ ಸರ್ಟ್ರಾಲಿನ್, ಖಿನ್ನತೆಗೆ ಕೊಡುವ ಔಷಧಿ. ಫೈಜರ್ ಕಂಪನಿ ಅದರ ಮೂರು ಹಂತಗಳನ್ನು ಒಂದೇ ಆಗಿಸಿತು. ನಾಲ್ಕು ದ್ರಾವಕಗಳ ಜಾಗಕ್ಕೆ ಎಥನಾಲ್ ಒಂದನ್ನೇ ತಂದಿತು. ಒಂದು ಟನ್ ಔಷಧಿಗೆ 60,000 ಗ್ಯಾಲನ್ ಇದ್ದ ದ್ರಾವಕದ ಬಳಕೆ 6,000 ಗ್ಯಾಲನ್‌ಗೆ ಇಳಿಯಿತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಕಿಲೋಗೆ ಸುಮಾರು 227 ಲೀಟರ್‌ನಿಂದ 23 ಲೀಟರ್‌ಗೆ. ಈ ಕೆಲಸಕ್ಕೆ 2002ರಲ್ಲಿ ಅದೇ ಹಸಿರು ರಸಾಯನಶಾಸ್ತ್ರ ಪ್ರಶಸ್ತಿ ಬಂತು.

ಕ್ರಿಯಾವರ್ಧಕದ ಮಹತ್ವ ತಿಳಿಯಲು ನಮಗೆ ಹತ್ತಿರದ ಒಂದು ವಸ್ತು ನೋಡೋಣ. ಪ್ಯಾರಸಿಟಮಾಲ್ ಮಾಡಲು ಪ್ಯಾರಾ ಅಮೈನೋಫಿನಾಲ್ ಬೇಕು. 2020ರ ಕೇಂದ್ರದ ಯೋಜನೆಯ ಪಟ್ಟಿಯಲ್ಲೂ ಅದರ ಹೆಸರಿದೆ. ನೈಟ್ರೋಫಿನಾಲ್‌ನಿಂದ ಅದನ್ನು ಪಡೆಯುವ ಹಳೆಯ ಉಪಾಯ ಕಬ್ಬಿಣದ ಪುಡಿ ಹಾಕುವುದು. ಸಮೀಕರಣದ ಪ್ರಕಾರವೇ ಒಂದು ಕಿಲೋ ಮಾಲಿಗೆ 1.6 ಕಿಲೋ ಕಬ್ಬಿಣದ ಆಕ್ಸೈಡ್ ಕೆಸರು ಉಳಿಯುತ್ತದೆ. ಕಬ್ಬಿಣದ ಬದಲು ಹೈಡ್ರೋಜನ್ ಅನಿಲ ಮತ್ತು ಸರಿಯಾದ ಕ್ರಿಯಾವರ್ಧಕ ಬಳಸಿದರೆ ಉಳಿಯುವುದು 330 ಗ್ರಾಂ ನೀರು. ಆದರೆ ಒತ್ತಡದ ಹೈಡ್ರೋಜನ್ ನಿಭಾಯಿಸಲು ಗಟ್ಟಿ ಪಾತ್ರೆ, ಜಾಗರೂಕ ಕೆಲಸಗಾರರು, ಮೊದಲಿಗೇ ದೊಡ್ಡ ಬಂಡವಾಳ ಬೇಕು. ಕಬ್ಬಿಣದ ಪುಡಿ ಹಾಕುವುದಕ್ಕೆ ಇವು ಯಾವುವೂ ಅಷ್ಟು ಬೇಡ.

ಎಲ್ಲ ಕಸವೂ ಒಂದೇ ಅಲ್ಲ

ಒಂದು ಕಿಲೋ ಅಡುಗೆ ಉಪ್ಪು, ಒಂದು ಕಿಲೋ ಕ್ರೋಮಿಯಂ ಲವಣ. ತಕ್ಕಡಿಗೆ ಎರಡೂ ಒಂದೇ. ಬಾವಿಯ ನೀರಿಗೆ ಒಂದೇ ಅಲ್ಲ. ಅದಕ್ಕಾಗಿ ಶೆಲ್ಡನ್ ಕಸದ ತೂಕವನ್ನು ಅದರ ಹಾನಿಯ ಅಂದಾಜಿನಿಂದ ಗುಣಿಸುವ ಸೂಚನೆ ಕೊಟ್ಟರು. ಉಪ್ಪಿಗೆ 1 ಅಂದರೆ, ಕ್ರೋಮಿಯಂನಂಥ ಭಾರಲೋಹಕ್ಕೆ 100ರಿಂದ 1,000. ಈ ಸಂಖ್ಯೆಗಳು ಅಂದಾಜು, ಒಮ್ಮತದವಲ್ಲ. ಹಾನಿಯನ್ನು ಒಂದೇ ಅಂಕಿಗೆ ಇಳಿಸುವುದು ಇವತ್ತಿಗೂ ಕಷ್ಟವೇ.

ಬಿಎಚ್‌ಸಿಯ ಇಬುಪ್ರೊಫೇನ್ ದಾರಿಯೂ ಇದಕ್ಕೆ ಹೊರತಲ್ಲ. ಅಲ್ಲಿ ಅಲ್ಯೂಮಿನಿಯಂ ಕ್ಲೋರೈಡ್ ಜಾಗಕ್ಕೆ ಬಂದದ್ದು ಹೈಡ್ರೋಜನ್ ಫ್ಲೋರೈಡ್. ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂಪಡೆದು ಮತ್ತೆ ಬಳಸುತ್ತಾರೆ, ಹಾಗಾಗಿ ಕಸದ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಅದು ಬಹಳ ಅಪಾಯದ ವಸ್ತು, ಸೋರಿದರೆ ಜೀವ ತೆಗೆಯಬಲ್ಲದು. ಕಸ ಕಡಿಮೆ ಅನ್ನುವುದೂ ಅಪಾಯ ಕಡಿಮೆ ಅನ್ನುವುದೂ ಎರಡು ಬೇರೆ ಪ್ರಶ್ನೆಗಳು. ಕಾರ್ಖಾನೆಗೆ ಬೇಕಾದ ವಿದ್ಯುತ್ತು, ಉಗಿ, ಅದರ ಹಿಂದಿನ ಹೊಗೆ ಇವನ್ನು ಈ ಅಳತೆಗಳು ಸಾಮಾನ್ಯವಾಗಿ ಹಿಡಿಯುವುದಿಲ್ಲ.

ನಮ್ಮೂರಿನ ಕಾರ್ಖಾನೆಯ ಲೆಕ್ಕ ಎಲ್ಲಿ ಸಿಗುತ್ತದೆ?

1986ರ ಪರಿಸರ ಸಂರಕ್ಷಣಾ ನಿಯಮಗಳಡಿ ನಮೂನೆ 5 ಅಂತ ಒಂದಿದೆ. ಹೆಸರು ಪರಿಸರ ಹೇಳಿಕೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪಡೆದು ನಡೆಯುವ ಕಾರ್ಖಾನೆಗಳು ಹಿಂದಿನ ಹಣಕಾಸು ವರ್ಷದ ಲೆಕ್ಕವನ್ನು ಸೆಪ್ಟೆಂಬರ್ 30ರೊಳಗೆ ಇದರಲ್ಲಿ ತುಂಬಿ ರಾಜ್ಯ ಮಂಡಳಿಗೆ ಕೊಡಬೇಕು. ಒಂದು ಯೂನಿಟ್ ಮಾಲಿಗೆ ಎಷ್ಟು ನೀರು, ಎಷ್ಟು ಕಚ್ಚಾವಸ್ತು ಅನ್ನುವುದಕ್ಕೇ ಅದರಲ್ಲಿ ಪ್ರತ್ಯೇಕ ಭಾಗವಿದೆ. ಅಪಾಯಕಾರಿ ಕಸಕ್ಕೆ ಒಂದು ಭಾಗ, ಬೇರೆ ಘನ ಕಸಕ್ಕೆ ಇನ್ನೊಂದು. ಮಾಹಿತಿ ಹಕ್ಕಿನಡಿ ಮಂಡಳಿಗೆ ಅರ್ಜಿ ಹಾಕಿ ಇದರ ಪ್ರತಿ ಕೇಳಬಹುದು.

ಪ್ರತಿ ಸಿಕ್ಕಿತು, ಅದರಲ್ಲಿ ಒಂದು ಕಿಲೋ ಔಷಧಿಗೆ ದ್ರಾವಕವೂ ಸೇರಿ 14 ಕಿಲೋ ಕಚ್ಚಾವಸ್ತು, 60 ಲೀಟರ್ ನೀರು ಅಂತ ಬರೆದಿದೆ ಎಂದಿಟ್ಟುಕೊಳ್ಳಿ. ಪಿಎಂಐ 74. ನೀರು ಬಿಟ್ಟರೆ 14 ಕಿಲೋ ಒಳಗೆ ಹೋಗಿ ಒಂದು ಕಿಲೋ ಮಾಲಾಗಿದೆ, ಅಂದರೆ ಇ-ಫ್ಯಾಕ್ಟರ್ 13. ಈಗ ಕಸದ ಭಾಗಗಳನ್ನು ನೋಡಿ. ಅಲ್ಲಿ ಎಲ್ಲ ಸೇರಿ ಕಿಲೋಗೆ 4 ಕಿಲೋ ಮಾತ್ರ ಇದೆ ಅನ್ನಿ. ಹಾಗಾದರೆ ಉಳಿದ 9 ಕಿಲೋ ಎಲ್ಲಿ? ಪರಮಾಣುಗಳು ಮಾಯವಾಗುವುದಿಲ್ಲ ಅಂತ ಮೊದಲೇ ನೋಡಿದೆವಲ್ಲ. ಬಳಸಿದ ದ್ರಾವಕವಾಗಿ ಬೇರೆ ಘಟಕಕ್ಕೆ ಮಾರಿರಬಹುದು. ಉಪ ಉತ್ಪನ್ನವಾಗಿ ಹೋಗಿರಬಹುದು. ಕೊಳಚೆ ನೀರಿನಲ್ಲಿ ಕರಗಿರಬಹುದು. ಆವಿಯಾಗಿ ಗಾಳಿಗೂ ಸೇರಿರಬಹುದು. ಮೊದಲ ಎರಡಕ್ಕೆ ಬಿಲ್ಲು ಇರುತ್ತದೆ. ಬಿಲ್ಲು ಇಲ್ಲದ ತೂಕದ ಬಗ್ಗೆ ಮಂಡಳಿಯನ್ನು, ಕಾರ್ಖಾನೆಯನ್ನು ಕೇಳಬೇಕು.

ಪ್ರತಿ ಓದುವಾಗ ಕಚ್ಚಾವಸ್ತುವಿನ ಹೆಸರಿನ ಜಾಗದಲ್ಲಿ ಬರೀ ಸಂಕೇತ ಕಂಡರೆ ಗಾಬರಿಯಾಗಬೇಡಿ. ಹೆಸರು ಹೇಳಿದರೆ ಒಪ್ಪಂದ ಮುರಿದಂತಾಗುತ್ತದೆ ಅನ್ನುವ ಸಂದರ್ಭದಲ್ಲಿ ಸಂಕೇತ ಬಳಸಲು ನಮೂನೆಯೇ ಅವಕಾಶ ಕೊಟ್ಟಿದೆ. ಹೆಸರು ಮುಚ್ಚಿಟ್ಟರೂ ತೂಕ ಬರೆಯಲೇಬೇಕು. ಮೇಲಿನ ಲೆಕ್ಕಕ್ಕೆ ತೂಕ ಒಂದಿದ್ದರೆ ಸಾಕು.